ಓವರ್‌ಡೋಸ್ ಆದವರ ಮನೆಬಾಗಿಲಿಗೆ ಹೋಗುವವರಿಗೆ ಎರಡು ದಿನದ ತರಬೇತಿ: ಕಾರವಾರದ ಶಿಬಿರ ಹೇಗಿದೆ?

ಮಾದಕವೋ ಮಾತ್ರೆಯೋ ಅತಿಯಾಗಿ ಮೈಸೇರಿ ಓವರ್‌ಡೋಸ್ ಆಗಿ ಬದುಕುಳಿದವರನ್ನು, ಅದಾದ 24ರಿಂದ 72 ಗಂಟೆಯೊಳಗೆ ಹೋಗಿ ಕಾಣುವ ತಂಡಗಳು ಅಮೆರಿಕದ ಹಲವು ರಾಜ್ಯಗಳಲ್ಲಿ ಕೆಲಸ ಮಾಡುತ್ತಿವೆ. ಒಮ್ಮೆ ಓವರ್‌ಡೋಸ್ ಆದವರಿಗೆ ಮತ್ತೊಮ್ಮೆ ಆಗುವ ಅಪಾಯ ಹೆಚ್ಚು. ಹಾಗಾಗಿ ಆ ಒಂದೆರಡು ದಿನ ಯಾರು ಹೋಗುತ್ತಾರೆ, ಹೋಗಿ ಏನು ಮಾತಾಡುತ್ತಾರೆ ಎಂಬುದರ ಮೇಲೆ ಜೀವ ನಿಂತಿರುತ್ತದೆ. ನಮ್ಮ ಕಡೆ ಈ ಕೆಲಸ ಔಟ್‌ರೀಚ್ ಕಾರ್ಯಕರ್ತರು, ಪಿಯರ್ ಎಜುಕೇಟರ್‌ಗಳು (ತಾವೂ ನಶೆ ದಾಟಿಬಂದು ಇತರರಿಗೆ ತಿಳಿಹೇಳುವವರು), ವ್ಯಸನಮುಕ್ತಿ ಕೇಂದ್ರದ ಆಪ್ತ ಸಮಾಲೋಚಕರ ಪಾಲಿಗೆ ಬರುತ್ತದೆ. ಎಷ್ಟೋ ಸಲ ಊರಿನ ಆಶಾ ಕಾರ್ಯಕರ್ತೆಯ ಪಾಲಿಗೂ ಬರುತ್ತದೆ. ಇವರಿಗೆಂದೇ ಕಾರವಾರದಲ್ಲಿ ಕೊಡುವ ‘ಆಘಾತ ಅರಿತ ಆರೈಕೆ’ (ಹಿಂದಿನ ಹಿಂಸೆ, ನೋವಿನ ಗಾಯ ಎದುರಿಗಿರುವವರಲ್ಲಿ ಇರಬಹುದೆಂದು ಎಚ್ಚರದಿಂದ ನಡೆದುಕೊಳ್ಳುವ ಆರೈಕೆ) ತರಬೇತಿಯ ಪಾಠ, ಅಭ್ಯಾಸ, ಕೈಪಿಡಿಗಳ ವಿಮರ್ಶೆ ಇದು. ಒಂದು ತಂಡದಲ್ಲಿ ಇಪ್ಪತ್ತು ಜನ, ಎರಡು ಪೂರ್ತಿ ದಿನ, ಕೈಪಿಡಿ ಕನ್ನಡದಲ್ಲಿ.

ನಮ್ಮ ತೀರ್ಪನ್ನು ಮೊದಲೇ ಹೇಳುತ್ತೇವೆ. ಸಿಬ್ಬಂದಿಯನ್ನು ಕಳಿಸಬಹುದಾದ ತರಬೇತಿ ಇದು. ಮೊದಲ ದಿನದ ಮಧ್ಯಾಹ್ನ ಮತ್ತು ಎರಡನೇ ದಿನದ ಬೆಳಗಿನ ಪಾಠಗಳು ಇಡೀ ಖರ್ಚಿಗೆ ಸಾಟಿಯಾಗಿವೆ. ಆದರೆ ಕಾನೂನಿನ ಪಾಠ ಬೇರೆ ದೇಶದ್ದು, ಸಿಬ್ಬಂದಿಯ ಮನಸ್ಸಿನ ಆರೈಕೆಯ ಪಾಠ ಹಳೆಯದು. ಈ ಎರಡನ್ನೂ ಕಳಿಸುವ ಸಂಸ್ಥೆಯೇ ಸರಿಪಡಿಸಿಕೊಳ್ಳಬೇಕಾಗುತ್ತದೆ.

ಶುರುವಿನ ಪಾಠ ಮೆದುಳಿನದು. ಭಯ ಹುಟ್ಟುವುದು ಎಲ್ಲಿ, ನೆನಪು ಕೂರುವುದು ಎಲ್ಲಿ, ಬೆದರಿದ ದೇಹ ಹೋರಾಟಕ್ಕೆ ಇಳಿಯುವುದು, ಓಡುವುದು, ಮರಗಟ್ಟುವುದು ಹೇಗೆ ಎಂದು ಸ್ಲೈಡ್ ಮೇಲೆ ಸ್ಲೈಡ್. ತಪ್ಪೇನಿಲ್ಲ, ಆದರೆ ಮೂರು ಗಂಟೆ ಬೇಡ. ಫೀಲ್ಡಿಗೆ ಹೋಗುವವರಿಗೆ ಇದರಲ್ಲಿ ಬೇಕಾದದ್ದು ಎರಡೇ ಮಾತು: ಎದುರಿಗಿರುವವರು ಉತ್ತರ ಕೊಡದೆ ಗೋಡೆ ನೋಡುತ್ತ ಕೂತಿದ್ದರೆ ಅದು ಸೊಕ್ಕಲ್ಲ, ಒಮ್ಮೆಲೇ ರೇಗಿದರೆ ಅದು ನಿಮ್ಮ ಮೇಲಿನ ಸಿಟ್ಟೇ ಆಗಿರಬೇಕಿಲ್ಲ. ಇಷ್ಟನ್ನು ಮುಕ್ಕಾಲು ಗಂಟೆಯಲ್ಲಿ ಹೇಳಿ ಮುಗಿಸಬಹುದು.

ಇದೇ ಪಾಠದಲ್ಲಿ 1998ರಲ್ಲಿ ಪ್ರಕಟವಾದ ಬಾಲ್ಯದ ಕಹಿ ಅನುಭವಗಳ ಅಧ್ಯಯನವೂ ಬರುತ್ತದೆ. ಅಮೆರಿಕದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಮಾಡಿದ ಕೆಲಸ ಅದು. ಬಾಲ್ಯದಲ್ಲಿ ಹಿಂಸೆ, ನಿರ್ಲಕ್ಷ್ಯ, ಮನೆಯಲ್ಲಿ ಕುಡಿತ ಇವೆಲ್ಲ ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಚಟವೂ ಕಾಯಿಲೆಯೂ ಹೆಚ್ಚು ಎಂದು ತೋರಿಸಿತು. ಅಷ್ಟು ತಿಳಿಸಿ ಬಿಟ್ಟಿದ್ದರೆ ಚೆನ್ನಾಗಿತ್ತು. ಕೈಪಿಡಿಯ ಹಿಂಬದಿಯಲ್ಲಿ ಹತ್ತು ಪ್ರಶ್ನೆಗಳ ಪಟ್ಟಿ ಅಚ್ಚು ಹಾಕಿ, ‘ಮೊದಲ ಭೇಟಿಯಲ್ಲೇ ತುಂಬಿಸಿ’ ಎಂದು ಬರೆದಿದ್ದಾರೆ. ಇದನ್ನು ಮಾಡಬೇಡಿ. ಆ ಪಟ್ಟಿಯಿಂದ ಬರುವ ಅಂಕ ದೊಡ್ಡ ಜನಸಮೂಹವನ್ನು ಅಳೆಯಲು ಮಾಡಿದ್ದು, ಒಬ್ಬೊಬ್ಬರ ಅಪಾಯ ಹೇಳಲು ಅಲ್ಲ ಎಂದು ಆಂಡಾ ಅವರೇ 2020ರಲ್ಲಿ ಬರೆದು ಎಚ್ಚರಿಸಿದ್ದಾರೆ. ಮೂರು ದಿನದ ಹಿಂದೆ ಉಸಿರು ನಿಂತು ಬದುಕಿ ಬಂದವರನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಒಳಗೆ ಅವರ ತಾಯಿ ಕೇಳಿಸಿಕೊಳ್ಳುತ್ತಿರುವಾಗ, ‘ಚಿಕ್ಕವರಿದ್ದಾಗ ನಿಮ್ಮನ್ನು ಯಾರಾದರೂ ಮುಟ್ಟಿದ್ದರೇ’ ಎಂದು ಕೇಳುವುದು ಆರೈಕೆಯಲ್ಲ. ಆಘಾತ ಅರಿತ ಆರೈಕೆಗೆ ಆಘಾತದ ಕತೆ ಗೊತ್ತಿರಬೇಕಾಗಿಲ್ಲ. ಎದುರಿಗಿರುವ ಯಾರಿಗಾದರೂ ಅಂಥ ಗಾಯ ಇರಬಹುದು ಎಂದುಕೊಂಡು ಎಲ್ಲರೊಡನೆಯೂ ಒಂದೇ ಎಚ್ಚರದಲ್ಲಿ ನಡೆದುಕೊಂಡರೆ ಆಯಿತು. ಆ ಹಾಳೆಯನ್ನು ಹರಿದು ತೆಗೆದೇ ಕೈಪಿಡಿಯನ್ನು ಸಿಬ್ಬಂದಿಗೆ ಕೊಡಿ.

ಮಧ್ಯಾಹ್ನದ ಪಾಠದಿಂದ ತರಬೇತಿಗೆ ಜೀವ ಬರುತ್ತದೆ. ಓಪಿಯಾಯ್ಡ್ (ಹೆರಾಯಿನ್, ಕೆಲವು ಬಲವಾದ ನೋವಿನ ಮಾತ್ರೆಗಳಂಥ ಅಫೀಮು ಬಗೆಯ ಮಾದಕ) ಓವರ್‌ಡೋಸ್ ಗುರುತಿಸುವುದು, ಅದರ ಪರಿಣಾಮ ಇಳಿಸಿ ಉಸಿರು ಮರಳಿಸುವ ನಲಾಕ್ಸೋನ್ ಔಷಧ ಕೊಡುವುದು, ಎಚ್ಚರವಾದ ಮೇಲಿನ ಮೊದಲ ನಿಮಿಷಗಳನ್ನು ನಿಭಾಯಿಸುವುದು, ಮೂರನ್ನೂ ಒಂದೇ ಅಭ್ಯಾಸವಾಗಿ ಹೆಣೆದಿದ್ದಾರೆ. ಬೇರೆ ಕಡೆ ಮೊದಲ ಎರಡನ್ನು ವೈದ್ಯರು ಹೇಳಿಹೋಗುತ್ತಾರೆ, ಮೂರನೆಯದನ್ನು ಯಾರೂ ಹೇಳುವುದಿಲ್ಲ.

ಗುರುತುಗಳನ್ನು ಸರಿಯಾಗಿ ಕಲಿಸುತ್ತಾರೆ: ಕೂಗಿದರೂ ಅಲುಗಿಸಿದರೂ ಏಳದಿರುವುದು, ನಿಮಿಷಕ್ಕೆ ಕೆಲವೇ ಉಸಿರು ಅಥವಾ ಉಸಿರೇ ಇಲ್ಲದಿರುವುದು, ಗಂಟಲಲ್ಲಿ ಗೊರಗೊರ ಸದ್ದು, ತುಟಿ ಉಗುರು ನೀಲಿಯಾಗುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು. ‘ಗೊರಕೆ ಹೊಡೆದು ಮಲಗಿದ್ದಾನೆ, ಬಿಡಿ’ ಎಂದು ಮನೆಯವರು ಬಿಟ್ಟುಬಿಡುವ ಸದ್ದು ಇದೇ ಎಂಬುದನ್ನು ಧ್ವನಿಮುದ್ರಣ ಕೇಳಿಸಿ ತೋರಿಸುತ್ತಾರೆ, ಒಳ್ಳೆಯ ಉಪಾಯ. ಆಮೇಲೆ 108ಕ್ಕೆ ಕರೆ, ತಲೆ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ ಉಸಿರಿನ ದಾರಿ ತೆರೆಯುವುದು, ಐದು ಸೆಕೆಂಡಿಗೆ ಒಂದರಂತೆ ಬಾಯಿಂದ ಉಸಿರು ಕೊಡುವುದು. ಔಷಧ ಕೈಗೆ ಬರುವ ಮುಂಚೆಯೇ ಉಸಿರು ಕೊಡಲು ತೊಡಗಬೇಕು ಎಂದು ಒತ್ತಿ ಹೇಳುವುದು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಬಹಳ ಸರಿ. ಆಮ್ಲಜನಕ ಇಲ್ಲದೆ ನಾಲ್ಕಾರು ನಿಮಿಷವಾದರೆ ಮೆದುಳಿಗೆ ಪೆಟ್ಟು ಬೀಳತೊಡಗುತ್ತದೆ. ಜೋಯಿಡಾದ ಒಳಹಳ್ಳಿಗೋ ದೇವಿಮನೆ ಘಟ್ಟದ ನಡುವಿಗೋ ಆಂಬುಲೆನ್ಸ್ ಅಷ್ಟರಲ್ಲಿ ಬರುವುದಿಲ್ಲ.

ನಲಾಕ್ಸೋನ್ ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅಮೆರಿಕದಲ್ಲಿ ಮೂಗಿಗೆ ಸಿಂಪಡಿಸುವ 4 ಮಿಲಿಗ್ರಾಂ ಸ್ಪ್ರೇ 2023ರಿಂದ ಚೀಟಿಯಿಲ್ಲದೆಯೂ ಸಿಗುತ್ತದೆ. ಇಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು 1 ಮಿಲಿಲೀಟರಿನ ಗಾಜಿನ ಆಂಪೂಲ್, ಒಳಗೆ 0.4 ಮಿಲಿಗ್ರಾಂ. ಓವರ್‌ಡೋಸ್ ಕಾಣುವ ಸಂಭವವಿರುವ ಯಾರ ಕೈಗೂ ಈ ಔಷಧ ಸಿಗಬೇಕು, ಅವರಿಗೆ ಕಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿದೆ. ಆದರೂ ಇಲ್ಲಿ ತಂಡ ಇಂಜೆಕ್ಷನ್ ಇಟ್ಟುಕೊಳ್ಳುವುದು ಕೇಂದ್ರದ ವೈದ್ಯರ ಲಿಖಿತ ಆದೇಶದ ಮೇಲೆಯೇ ಆಗಬೇಕು ಎಂಬುದನ್ನು ಶಿಬಿರ ಸ್ಪಷ್ಟವಾಗಿ ಹೇಳುತ್ತದೆ. ಅಭ್ಯಾಸಕ್ಕೆ ನೀರು ತುಂಬಿದ ಆಂಪೂಲ್‌ಗಳನ್ನು ಕೊಡುತ್ತಾರೆ. ಕುತ್ತಿಗೆಗೆ ಹತ್ತಿ ಸುತ್ತಿ, ಚುಕ್ಕೆ ಇರುವ ಕಡೆ ಹೆಬ್ಬೆರಳಿಟ್ಟು, ತಮ್ಮಿಂದ ಆಚೆಗೆ ಮುರಿಯಬೇಕು. ಹತ್ತಿಯಿಲ್ಲದೆ ಅವಸರದಲ್ಲಿ ಮುರಿದರೆ ಕೈ ಕೊಯ್ದುಕೊಳ್ಳುತ್ತದೆ, ಔಷಧ ಅರ್ಧ ಚೆಲ್ಲುತ್ತದೆ. ತೊಡೆಯ ಹೊರಬದಿಗೆ ಅಥವಾ ತೋಳಿನ ಮೇಲ್ಭಾಗದ ಮಾಂಸಖಂಡಕ್ಕೆ ಪೂರ್ತಿ 1 ಮಿಲಿಲೀಟರ್; ಎರಡು ಮೂರು ನಿಮಿಷ ಉಸಿರು ಕೊಡುತ್ತಲೇ ಕಾದು, ಸುಧಾರಿಸದಿದ್ದರೆ ಇನ್ನೊಂದು.

ಇಲ್ಲಿಯೇ ಆಘಾತದ ಅರಿವು ಕೆಲಸಕ್ಕೆ ಬರುತ್ತದೆ. ಔಷಧದ ಗುರಿ ಉಸಿರು ಮರಳಿಸುವುದು. ಆ ವ್ಯಕ್ತಿಯನ್ನು ಎಬ್ಬಿಸಿ ಕೂರಿಸಿ ಮಾತಾಡಿಸುವುದು ಗುರಿಯಲ್ಲ. ಉಸಿರು ಸರಿಯಾಗಿ ಆಡುತ್ತಿದ್ದರೆ, ಮಂಪರಿದ್ದರೂ, ಎರಡನೇ ಆಂಪೂಲ್ ಬೇಡ. ಹೆಚ್ಚು ಕೊಟ್ಟಷ್ಟೂ ವಿತ್‌ಡ್ರಾವಲ್ (ನಶೆ ಒಮ್ಮೆಲೇ ಇಳಿದಾಗಿನ ಸಂಕಟ) ಜೋರು: ನಡುಕ, ವಾಂತಿ, ಮೈಯೆಲ್ಲ ನೋವು, ಏನಾಗಿದೆಯೆಂದೇ ತಿಳಿಯದ ಕೋಪ. ಅಂಥ ಹೊತ್ತಿನಲ್ಲಿ ನಾಲ್ಕು ಜನ ಸುತ್ತ ನಿಂತು ಕೈ ಕಾಲು ಹಿಡಿದರೆ ಹಿಂದೆಂದೋ ಹೊಡೆತ ತಿಂದ ದೇಹಕ್ಕೆ ಅದೆಲ್ಲ ಮತ್ತೆ ಆಗುತ್ತಿದೆ ಅನ್ನಿಸುತ್ತದೆ. ಕೊಸರಿಕೊಂಡು ಓಡುತ್ತಾರೆ. ನಲಾಕ್ಸೋನ್ ಬಲ ಇರುವುದು 30ರಿಂದ 90 ನಿಮಿಷ. ಒಳಗಿನ ಮಾದಕ ಅದಕ್ಕಿಂತ ಹೆಚ್ಚು ಹೊತ್ತು ಉಳಿದಿದ್ದರೆ, ಓಡಿಹೋದವರು ಎಲ್ಲೋ ಒಬ್ಬರೇ ಇದ್ದಾಗ ಉಸಿರು ಮತ್ತೆ ನಿಲ್ಲಬಹುದು. ಒರಟಾಗಿ ಎಬ್ಬಿಸಿದ್ದರಿಂದಲೇ ಸಾವು ಬರಬಹುದಾದ ದಾರಿ ಇದು. ಶಿಬಿರದಲ್ಲಿ ಇದನ್ನು ಹಂತ ಹಂತವಾಗಿ ಬಿಡಿಸಿ ಹೇಳಿದ್ದು ನಮಗೆ ತುಂಬ ಹಿಡಿಸಿತು.

ಕಲಿಸುವ ಕ್ರಮ ಹೀಗಿದೆ. ಎಚ್ಚರವಾಗುವ ಮುಂಚೆಯೇ ಜನರನ್ನು ದೂರ ಸರಿಸಬೇಕು. ವಿಡಿಯೋ ಮಾಡುವವರ ಫೋನ್ ಇಳಿಸಬೇಕು. ಮಾತಾಡುವವರು ಒಬ್ಬರೇ, ಮುಖದ ಮೇಲೆ ಬಾಗದೆ ಪಕ್ಕದಲ್ಲಿ ಕೂತು. ಸಡಿಲವಾದ ಬಟ್ಟೆ ಸರಿಪಡಿಸಿ, ಒದ್ದೆಯಾಗಿದ್ದರೆ ಮೇಲೊಂದು ಹೊದಿಕೆ ಹಾಕಬೇಕು. ಎಚ್ಚರವಾದವರು ಮೊದಲು ಮುಟ್ಟಿ ನೋಡಿಕೊಳ್ಳುವುದು ತಮ್ಮ ಬಟ್ಟೆಯನ್ನೇ. ಮೊದಲ ಮಾತು ಹೆಸರು, ಜಾಗ, ಆದದ್ದು: ‘ಅಣ್ಣಾ, ನನ್ನ ಹೆಸರು ಇಂಥದ್ದು. ನೀವು ಬೈತಖೋಲದಲ್ಲೇ ಇದ್ದೀರಿ. ಉಸಿರು ನಿಂತಿತ್ತು, ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟಿದ್ದೇವೆ. ಮೈ ನೋಯುತ್ತಿರಬಹುದು, ಇನ್ನೊಂದು ಗಂಟೆಯಲ್ಲಿ ಕಡಿಮೆಯಾಗುತ್ತದೆ.’ ಎದೆಮೂಳೆಯನ್ನು ಗೆಣ್ಣಿನಿಂದ ಉಜ್ಜಿ ಎಬ್ಬಿಸಲು ನೋಡಿದ್ದರೆ ಅದನ್ನೂ ಹೇಳಬೇಕು, ಇಲ್ಲದಿದ್ದರೆ ಮರುದಿನ ಎದೆ ಮೇಲಿನ ನೋವು ‘ಯಾರೋ ಹೊಡೆದರು’ ಎಂದಾಗುತ್ತದೆ. ‘ಎಷ್ಟು ತಗೊಂಡ್ರಿ, ಯಾಕೆ ತಗೊಂಡ್ರಿ’ ಎಂಬ ಪ್ರಶ್ನೆಗೆ ಇದು ಹೊತ್ತಲ್ಲ. ಮುಟ್ಟುವ ಮುಂಚೆ ಪ್ರತಿಸಲ ಹೇಳಿಯೇ ಮುಟ್ಟುವುದು. ಹೊರಟುಬಿಡುತ್ತೇನೆ ಅಂದರೆ ದಾರಿ ಕಟ್ಟದೆ, ‘ಒಂದೆರಡು ತಾಸು ಜೊತೆಗೆ ಯಾರಾದರೂ ಇರಲಿ, ಮತ್ತೆ ನಿದ್ದೆ ಎಳೆದರೆ ಅಪಾಯ’ ಎಂದು ಕಾರಣ ಹೇಳಿ, ಆ ಜೊತೆ ಯಾರಾಗಬೇಕೆಂದು ಅವರನ್ನೇ ಕೇಳುವುದು.

ಮೂರು ಮೂರು ಜನರ ಗುಂಪಿನಲ್ಲಿ ಇದನ್ನು ಆಡಿಸುತ್ತಾರೆ. ಬದುಕುಳಿದವರ ಪಾತ್ರದಲ್ಲಿ ಮಲಗಿದವರು ‘ಸಾಕು’ ಅಂದಕೂಡಲೇ ನಿಲ್ಲಿಸಿ, ಯಾವ ಮಾತಿಗೆ ಮೈ ಬಿಗಿಯಾಯಿತು ಎಂದು ಅವರಿಂದಲೇ ಹೇಳಿಸಿ, ಆ ಮಾತನ್ನಷ್ಟೇ ಬದಲಿಸಿ ಮತ್ತೆ ಆಡಿಸುತ್ತಾರೆ. ತಿದ್ದುವ ಹಕ್ಕು ತರಬೇತುದಾರರಿಗಿಂತ ಮಲಗಿದವರಿಗೆ ಹೆಚ್ಚು. ಈ ಪದ್ಧತಿಯನ್ನು ನಿಮ್ಮ ಕೇಂದ್ರದ ತಿಂಗಳ ಸಭೆಗೂ ಎತ್ತಿಕೊಳ್ಳಿ, ಖರ್ಚಿಲ್ಲ.

ಪಾಠದ ದೊಡ್ಡ ಕೊರತೆ ಎಂದರೆ ಎಲ್ಲ ಉದಾಹರಣೆಗಳೂ ಓಪಿಯಾಯ್ಡ್‌ನವು. ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ 2019ರಲ್ಲಿ ಹೊರತಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಮದ್ಯ ಕುಡಿಯುವವರು ಶೇ. 14.6, ಓಪಿಯಾಯ್ಡ್ ಬಳಸುವವರು ಶೇ. 2ರ ಆಸುಪಾಸು. ಮದ್ಯದ ಜೊತೆ ನಿದ್ದೆಮಾತ್ರೆ, ನೋವಿನ ಮಾತ್ರೆಯ ಜೊತೆ ಮದ್ಯ, ಹೀಗೆ ಬೆರಕೆಯೇ ತಂಡಕ್ಕೆ ಎದುರಾಗುವುದು. ಮದ್ಯಕ್ಕೂ ನಿದ್ದೆಮಾತ್ರೆಗೂ ನಲಾಕ್ಸೋನ್ ತಾಗುವುದಿಲ್ಲ. ಆಸ್ಪತ್ರೆ ಮುಟ್ಟುವವರೆಗೆ ಉಸಿರು ಕೊಡುವುದು, ವಾಂತಿ ಗಂಟಲಿಗೆ ಇಳಿಯದಂತೆ ಎಡಮಗ್ಗುಲಿಗೆ ಹೊರಳಿಸುವುದು ಎರಡೇ ದಾರಿ. ಟ್ರಮಡಾಲ್ 2018ರಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಅಡಿಗೆ ಬಂದ ನೋವಿನ ಮಾತ್ರೆ. ಅದು ಹೆಚ್ಚಾದರೆ ಫಿಟ್ಸ್ ಬರಬಹುದು, ನಲಾಕ್ಸೋನ್‌ನಿಂದ ಫಿಟ್ಸ್ ನಿಲ್ಲುವುದಿಲ್ಲ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ, ಕೈಪಿಡಿಯಲ್ಲಿ ಅದರ ಸುಳಿವೂ ಇಲ್ಲ. ತಂಡ ಮನೆಗೆ ಹೋಗುವುದು ಎರಡನೇ ಮೂರನೇ ದಿನ. ದಿನಾ ಕುಡಿಯುತ್ತಿದ್ದವರು ಆಸ್ಪತ್ರೆಗೆ ಹೋಗಿ ಬಂದು ಕುಡಿತ ನಿಂತಿದ್ದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್, 48ರಿಂದ 96 ಗಂಟೆಯ ನಡುವೆ ಸನ್ನಿ ಕಾಣಿಸಿಕೊಳ್ಳಬಹುದು. ನಡುಗುವ ಕೈ, ಬೆವರು, ಬೆದರಿದ ಕಣ್ಣು, ಇಲ್ಲದ್ದು ಕಂಡಂತೆ ಮಾತು. ಆಘಾತದ ಪಾಠವನ್ನಷ್ಟೇ ಕಲಿತು ಹೋದವರು ಇದನ್ನು ಭಯ ಎಂದುಕೊಂಡು ಉಸಿರಿನ ವ್ಯಾಯಾಮ ಮಾಡಿಸುತ್ತ ಕೂರುತ್ತಾರೆ. ಆ ಮನುಷ್ಯನಿಗೆ ಬೇಕಾದದ್ದು ಆಸ್ಪತ್ರೆ. ದಿನ, ಜಾಗ ಕೇಳಿ. ತಪ್ಪು ಹೇಳಿದರೆ, ಮೈ ಸುಡುತ್ತಿದ್ದರೆ, ಫಿಟ್ಸ್ ಬಂದಿದ್ದರೆ, ತಲೆಗೆ ಪೆಟ್ಟಿನ ಗುರುತಿದ್ದರೆ ಮಾತು ನಿಲ್ಲಿಸಿ ಗಾಡಿ ಕರೆಯಿರಿ. ಸಕ್ಕರೆ ಕಾಯಿಲೆಯವರಾದರೆ ಸಕ್ಕರೆ ಇಳಿದಿದೆಯೇ ನೋಡಿ. ದೇಹದ ಕಾರಣಗಳನ್ನು ಮೊದಲು ದಾಟಿ ಆಮೇಲೆ ಮನಸ್ಸಿನದಕ್ಕೆ ಬರಬೇಕು ಎಂಬ ಒಂದು ಪುಟ ಈ ಕೈಪಿಡಿಗೆ ಸೇರಲೇಬೇಕು.

ಎರಡನೇ ದಿನ ಬೆಳಗ್ಗೆ ಮನೆಭೇಟಿ. ಇಲ್ಲಿ ತರಬೇತುದಾರರಿಗೆ ಊರು ಗೊತ್ತಿದೆ ಅನ್ನಿಸುತ್ತದೆ. ಸಂಸ್ಥೆಯ ಹೆಸರು ಬರೆದ ಜೀಪು ಕೇರಿಯೊಳಗೆ ಹೋದರೆ ಸಂಜೆಯೊಳಗೆ ಅಂಕೋಲೆಯ ನೆಂಟರಿಗೂ ಸುದ್ದಿ ಮುಟ್ಟಿರುತ್ತದೆ. ಬೈಕು ಅಥವಾ ರಿಕ್ಷಾ ಸಾಕು. ನಿಲ್ಲಿಸುವುದು ಎರಡು ಮನೆ ಆಚೆ. ಇಬ್ಬರೇ ಹೋಗಬೇಕು, ಅವರಲ್ಲಿ ಒಬ್ಬರು ಇದೇ ದಾರಿ ದಾಟಿಬಂದ ಪಿಯರ್ ಆಗಿದ್ದರೆ ಒಳಿತು, ಹೆಂಗಸರ ಮನೆಗಾದರೆ ಒಬ್ಬರು ಹೆಂಗಸಾಗಿರಲೇಬೇಕು. ಬಾಗಿಲು ಬಡಿದು ಮೂರು ಹೆಜ್ಜೆ ಹಿಂದೆ, ಒಂದು ಬದಿಗೆ ಸರಿದು ನಿಲ್ಲಬೇಕು. ತೆರೆದವರು ತಾಯಿಯೋ ಅತ್ತೆಯೋ ಆಗಿದ್ದರೆ ಓವರ್‌ಡೋಸ್ ಎಂಬ ಮಾತೇ ಬೇಡ. ‘ಅಮ್ಮಾ, ಮೊನ್ನೆ ಆಸ್ಪತ್ರೆಯಲ್ಲಿ ಪರಿಚಯ ಆಗಿತ್ತು, ಹೇಗಿದ್ದಾರೆ ಅಂತ ನೋಡಿ ಹೋಗೋಣ ಅಂತ ಬಂದೆವು’ ಎನ್ನಲು ಹೇಳಿಕೊಡುತ್ತಾರೆ. ಪರಿಚಯ ನಿಜಕ್ಕೂ ಆಗಿದ್ದರೆ ಮಾತ್ರ ಹಾಗೆ ಹೇಳಿ. ಅದಕ್ಕಾಗಿಯೇ ಆಸ್ಪತ್ರೆಯಲ್ಲಿದ್ದಾಗಲೇ ಒಮ್ಮೆ ಮುಖ ತೋರಿಸಿ, ಮನೆಗೆ ಬರಬಹುದೇ, ಯಾವ ಹೊತ್ತಿಗೆ, ಮನೆಯವರಿಗೆ ಏನೆಂದು ಹೇಳಬೇಕು ಎಂದು ಕೇಳಿ ಬರೆದುಕೊಳ್ಳಬೇಕು. ಒಪ್ಪಿಗೆಯಿಲ್ಲದ ಭೇಟಿ, ಎಷ್ಟೇ ಒಳ್ಳೆಯ ಮನಸ್ಸಿನದಾದರೂ, ಬದುಕುಳಿದವರಿಗೆ ದಾಳಿಯಂತೆಯೇ ಕಾಣುತ್ತದೆ.

ಕೂರುವ ಜಾಗಕ್ಕೂ ಒಂದು ಅಭ್ಯಾಸವಿದೆ. ಅವರಿಗೂ ಬಾಗಿಲಿಗೂ ನಡುವೆ ನೀವು ಕೂರಬಾರದು. ಜಗಲಿಯೋ, ಅಂಗಳದ ಕಟ್ಟೆಯೋ, ಕಡಲದಂಡೆಯೋ ಅವರೇ ಆರಿಸಲಿ. ಹೊತ್ತು ಮೊದಲೇ ಹೇಳಬೇಕು: ‘ಹತ್ತು ನಿಮಿಷ ಕೂರುತ್ತೇವೆ, ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಹೇಳಿ, ಎದ್ದು ಹೋಗುತ್ತೇವೆ’, ಹೇಳಿದಂತೆ ಹತ್ತು ನಿಮಿಷಕ್ಕೆ ಏಳಬೇಕು. ಮೀನುಗಾರರ ಕೇರಿಗೆ ದೋಣಿ ಬರುವ ಹೊತ್ತಿಗೆ ಹೋಗಬಾರದು, ಕಾರವಾರದಲ್ಲಿ ಭಾನುವಾರದ ಸಂತೆಯ ಬೆಳಗ್ಗೆ ಬೇಡ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬಿಟ್ಟುಬರುವ ಚೀಟಿಯಲ್ಲಿ ಒಂದು ಹೆಸರು, ಒಂದು ಫೋನ್ ನಂಬರ್ ಅಷ್ಟೆ. ನೆಲಕ್ಕೆ ಕಾಲೂರಿ, ಕಾಣುವ ಐದು ವಸ್ತು, ಕೇಳುವ ಮೂರು ಸದ್ದು ಎಣಿಸುವಂಥ ಸಮಾಧಾನದ ಅಭ್ಯಾಸಗಳನ್ನೂ ಕಲಿಸುತ್ತಾರೆ. ಕಣ್ಣು ಮುಚ್ಚಿ ಎಂದು ಯಾರಿಗೂ ಹೇಳಬೇಡಿ, ಉಸಿರು ಬಿಗಿಹಿಡಿಯಲು ಹೇಳಬೇಡಿ ಎಂಬ ಎಚ್ಚರಿಕೆ ಸರಿಯಾಗಿದೆ, ಹಿಂಸೆ ಕಂಡವರಿಗೆ ಅವೆರಡೂ ತಿರುಗುಬಾಣವಾಗುತ್ತವೆ.

ಭಾಷೆಯ ವಿಷಯದಲ್ಲಿ ಮಾತ್ರ ನಿರಾಸೆ. ಕಾರವಾರ ಅಂಕೋಲೆಗಳ ಎಷ್ಟೋ ಮನೆಗಳಲ್ಲಿ ನೋವಿನ ಮಾತು ಬರುವುದು ಕೊಂಕಣಿಯಲ್ಲಿ, ಭಟ್ಕಳದಲ್ಲಿ ನವಾಯತಿಯಲ್ಲಿ. ಟ್ರಾಲರ್ ಮೇಲಿನ ಹೊರರಾಜ್ಯದ ಹುಡುಗರಿಗೆ ಕನ್ನಡವೇ ಬರುವುದಿಲ್ಲ. ಮುಂಡಗೋಡದ ಟಿಬೆಟಿಯನ್ ಕ್ಯಾಂಪು, ಯಲ್ಲಾಪುರ ಹಳಿಯಾಳದ ಸಿದ್ದಿ ಹಾಡಿಗಳ ಮಾತೇ ಬೇರೆ. ಕೈಪಿಡಿಯ ಸಂಭಾಷಣೆಗಳೆಲ್ಲ ಪುಸ್ತಕದ ಕನ್ನಡದಲ್ಲಿವೆ. ಜಿಲ್ಲೆಯ ಜನ ಉಂಡ ನೋವಿನ ಬಗ್ಗೆಯೂ ಒಂದು ಸಾಲಿಲ್ಲ: ಸೀಬರ್ಡ್ ನೌಕಾನೆಲೆಗೆ, ಕಾಳಿಯ ಅಣೆಕಟ್ಟೆಗಳಿಗೆ ಊರು ಬಿಟ್ಟವರು, 2024ರ ಜುಲೈ 16ರಂದು ಶಿರೂರಿನ ಗುಡ್ಡ ಕುಸಿದಾಗ ಮನೆಯವರನ್ನು ಕಳೆದುಕೊಂಡವರು. ಇವರೆಲ್ಲ ನಶೆಗೆ ಬಿದ್ದಿದ್ದಾರೆ ಎಂದಲ್ಲ. ಆದರೆ ಸರ್ಕಾರದ ಕಡತ ಹಿಡಿದು ಅಂಗಳಕ್ಕೆ ಬರುವವರನ್ನು ಕಂಡರೆ ಕೆಲವು ಊರುಗಳು ಯಾಕೆ ಬಾಗಿಲು ಹಾಕಿಕೊಳ್ಳುತ್ತವೆ ಎಂಬುದು ತಂಡಕ್ಕೆ ಗೊತ್ತಿರಬೇಕು. ಆಘಾತ ಅರಿತ ಆರೈಕೆಗೆ ಅಮೆರಿಕದ ಸರ್ಕಾರಿ ಸಂಸ್ಥೆ ಸ್ಯಾಮ್‌ಸಾ (SAMHSA) 2014ರಲ್ಲಿ ಕೊಟ್ಟ ಆರು ತತ್ವಗಳಲ್ಲಿ ಕೊನೆಯದು ಇದೇ: ಜನರ ಸಂಸ್ಕೃತಿ, ಚರಿತ್ರೆ, ಲಿಂಗದ ಅರಿವು. ಸ್ಲೈಡಿನಲ್ಲಿ ಅದು ಇದೆ, ಪಾಠದಲ್ಲಿ ಇಲ್ಲ.

ಕಾನೂನಿನ ಪಾಠ ನೇರವಾಗಿ ಅಪಾಯಕಾರಿ. ಓವರ್‌ಡೋಸ್ ಆದಾಗ ಸಹಾಯಕ್ಕೆ ಕರೆದವರ ಮೇಲೆ ಮಾದಕ ಹೊಂದಿದ ಮೊಕದ್ದಮೆ ಹಾಕದಿರುವ ಕಾನೂನು ಅಮೆರಿಕದ ಬಹುತೇಕ ರಾಜ್ಯಗಳಲ್ಲಿದೆ. ನಮ್ಮಲ್ಲಿ ಹಾಗಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ಸಹಾಯ ಮಾಡಿದವರನ್ನು ಕಾಯುವುದು ರಸ್ತೆ ಅಪಘಾತದಲ್ಲಿ ಮಾತ್ರ. ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಸೇವನೆಯನ್ನೂ ಶಿಕ್ಷೆಗೆ ಒಳಪಡಿಸುತ್ತದೆ. 64ಎ ಕಲಂ ತಾವಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ವಿನಾಯಿತಿಯ ದಾರಿ ಕೊಡುತ್ತದೆ. ಆಸ್ಪತ್ರೆಗಳಲ್ಲಿ ಇಂಥ ಪ್ರಕರಣ ಸಾಮಾನ್ಯವಾಗಿ ವೈದ್ಯಕೀಯ-ಕಾನೂನು ಪ್ರಕರಣ (ಎಂಎಲ್‌ಸಿ) ಆಗಿ ದಾಖಲಾಗಿ ಪೊಲೀಸರಿಗೆ ತಿಳಿಸಲಾಗುತ್ತದೆ. ಹೀಗಿರುವಾಗ ‘ಪೊಲೀಸ್ ಬರುವುದಿಲ್ಲ, ಭಯ ಬೇಡ’ ಎಂಬ ಸಾಲನ್ನು ಕಾರ್ಯಕರ್ತರ ಬಾಯಿಗೆ ಹಾಕಿದ್ದಾರೆ. ಆ ಮಾತು ಒಂದೇ ಒಂದು ಸಲ ಸುಳ್ಳಾದರೆ ಆ ಕೇರಿಯಲ್ಲಿ ಮುಂದಿನ ಓವರ್‌ಡೋಸ್‌ಗೆ ಯಾರೂ 108 ಕರೆಯುವುದಿಲ್ಲ. ಹೇಳಬಹುದಾದ ನಿಜ ಇಷ್ಟಿದೆ: ಪೊಲೀಸ್ ಶಾಸ್ತ್ರ ಮುಗಿಯಲಿ ಎಂದು ತುರ್ತು ಚಿಕಿತ್ಸೆಯನ್ನು ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರ ತೀರ್ಪಿನಲ್ಲಿ ಹೇಳಿದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಹೇಳುತ್ತದೆ, ಅದೇ ಕಾಯ್ದೆಯ 23ನೇ ಕಲಂ ಚಿಕಿತ್ಸೆಯ ಗೋಪ್ಯತೆಯ ಹಕ್ಕು ಕೊಡುತ್ತದೆ.

ಗೋಪ್ಯತೆಗೂ ಮಿತಿಯಿದೆ, ಅದನ್ನು ಮಾತು ಶುರುವಾಗುವ ಮುಂಚೆಯೇ ಹೇಳಬೇಕು. ಹದಿನೆಂಟರೊಳಗಿನವರು ಲೈಂಗಿಕ ದೌರ್ಜನ್ಯದ ಸಂಗತಿ ಹೇಳಿಕೊಂಡರೆ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ವರದಿ ಮಾಡುವುದು ಕಡ್ಡಾಯ. ‘ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ’ ಎಂದು ನಂಬಿಸಿ, ಎಲ್ಲ ಕೇಳಿಕೊಂಡು, ಆಮೇಲೆ ವರದಿ ಮಾಡಿದರೆ ಆ ಮಗುವಿಗೆ ಇನ್ನೊಂದು ಮೋಸವಾದಂತೆ. ಶಿಬಿರದಲ್ಲಿ ಇದರ ಪ್ರಸ್ತಾಪವೇ ಇಲ್ಲ. ಕಳಿಸುವ ಸಂಸ್ಥೆಗಳು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಒಬ್ಬ ವಕೀಲರನ್ನು ಕರೆಸಿ ಅರ್ಧ ದಿನದ ಪಾಠ ಬೇರೆಯಾಗಿ ಮಾಡಿಸುವುದು ಲೇಸು.

ಕೊನೆಯ ಮಧ್ಯಾಹ್ನ ಸಿಬ್ಬಂದಿಯ ಮನಸ್ಸಿನ ಕುರಿತದ್ದು. ಸಾವು ಕಂಡ ತಂಡವನ್ನು ಅದೇ ಸಂಜೆ ವರ್ತುಲದಲ್ಲಿ ಕೂರಿಸಿ, ಪ್ರತಿಯೊಬ್ಬರಿಂದ ಕಂಡದ್ದನ್ನೆಲ್ಲ ಹೇಳಿಸಬೇಕು ಎಂದು ಕಲಿಸುತ್ತಾರೆ. ಇಂಥ ಒಂದೇ ಸಲದ ಡಿಬ್ರೀಫಿಂಗ್‌ನಿಂದ ಮುಂದಿನ ಮನೋಕಾಯಿಲೆ ತಪ್ಪುವುದಿಲ್ಲ ಎಂದು ಅಧ್ಯಯನಗಳು ತೋರಿಸಿ ಬಹಳ ಕಾಲವಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಬೇಡ ಎನ್ನುತ್ತದೆ. ಒತ್ತಾಯದಿಂದ ಹೇಳಿಸಿದ್ದು ಕೆಲವರಿಗೆ ಗಾಯವನ್ನು ಮತ್ತೆ ಕೆರೆದಂತೆ, ಅದರಲ್ಲೂ ಸತ್ತವರ ಜೊತೆಗೇ ಒಂದು ಕಾಲದಲ್ಲಿ ನಶೆ ಮಾಡಿದ್ದ ಪಿಯರ್ ಕಾರ್ಯಕರ್ತರಿಗೆ. ಕೆಲಸಕ್ಕೆ ಬರುವುದು ಇದು: ಆ ಸಂಜೆ ಹದಿನೈದು ನಿಮಿಷ, ಕೆಲಸದ ಮಾತಷ್ಟೇ (ಆಂಪೂಲ್ ಎಷ್ಟು ಉಳಿದಿದೆ, ಮನೆಯವರ ಬಳಿ ನಾಳೆ ಯಾರು ಹೋಗುತ್ತಾರೆ), ಊಟ, ಮನೆಗೆ ಬಿಟ್ಟುಬರಲು ಜೊತೆ, ಮರುದಿನ ಆ ಕೇರಿಯ ಪಾಳಿ ಬದಲು, ವಾರದೊಳಗೆ ಮೇಲ್ವಿಚಾರಕರ ಜೊತೆ ಒಬ್ಬೊಬ್ಬರೇ ಮಾತು, ಹೇಳಬೇಕೆನಿಸಿದರೆ ಮಾತ್ರ. ನಿದ್ದೆ ಕೆಟ್ಟು ತಿಂಗಳಾದರೆ ಮನೋವೈದ್ಯರು. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ 14416 ಸಿಬ್ಬಂದಿಗೂ ಇರುವ ನಂಬರ್. ನಶೆ ಬಿಡುವ ಸಲಹೆಗೆ 14446.

ಕಳಿಸುವ ಮುಂಚೆ ಕೇಂದ್ರದಲ್ಲೇ ಆಗಬೇಕಾದ ಕೆಲಸ ಕೆಲವಿದೆ. ಇಲ್ಲದಿದ್ದರೆ ತರಬೇತಿ ಸೋಮವಾರದ ಹೊತ್ತಿಗೆ ಆವಿಯಾಗುತ್ತದೆ. ಭೇಟಿಯ ಫಾರಂ ತೆಗೆದು ನೋಡಿ: ಮೊದಲ ಪ್ರಶ್ನೆ ಆಧಾರ್ ನಂಬರ್, ಎರಡನೆಯದು ‘ಎಷ್ಟು ವರ್ಷದಿಂದ ಚಟ’ ಎಂದಿದ್ದರೆ ಎಷ್ಟು ಮೆತ್ತಗೆ ಮಾತಾಡಿದರೂ ಪ್ರಯೋಜನವಿಲ್ಲ. ‘ಈಗ ಹೇಗಿದ್ದೀರಿ, ಇವತ್ತು ಏನು ಬೇಕು’ ಎಂಬುದು ಮೇಲೆ ಬರಲಿ, ಉಳಿದದ್ದು ಮೂರನೇ ಭೇಟಿಗೆ. ತಿಂಗಳಿಗೆ ಇಷ್ಟು ಭೇಟಿ ಎಂಬ ಟಾರ್ಗೆಟ್ ಹಾಕಿದ ಕೇಂದ್ರದಲ್ಲಿ ‘ಬೇಡ ಅಂದರೆ ಎದ್ದು ಬನ್ನಿ’ ಎಂಬ ಪಾಠ ನಿಲ್ಲುವುದಿಲ್ಲ. ನಿರಾಕರಿಸಿದ ಭೇಟಿಯನ್ನೂ ಮಾಡಿದ ಭೇಟಿಯೆಂದೇ ಎಣಿಸಿ. ಕಿಟ್‌ನಲ್ಲಿ ಇರಬೇಕಾದದ್ದು: ಕನಿಷ್ಠ ಎರಡು ಆಂಪೂಲ್ (ಜೋಯಿಡಾ, ಸಿದ್ದಾಪುರದ ಒಳಹಳ್ಳಿಗಳ ಕಡೆಗಾದರೆ ನಾಲ್ಕು, ದಾರಿಯಲ್ಲೇ ಔಷಧದ ಬಲ ಇಳಿಯಬಹುದು), ಒಂದಿಂಚಿನ ಸೂಜಿಯ ಸಿರಿಂಜು ಅಷ್ಟೇ ಸಂಖ್ಯೆಯಲ್ಲಿ, ಹತ್ತಿ, ಕೈಗವಸು, ಬಾಯಿಗೆ ಇಡುವ ಉಸಿರಿನ ಮಾಸ್ಕ್, ಬಳಸಿದ ಸೂಜಿಗೆ ಗಟ್ಟಿ ಡಬ್ಬಿ, ತೆಳು ಹೊದಿಕೆ, ನೀರು. ಆಂಪೂಲ್‌ಗಳನ್ನು ಗಟ್ಟಿ ಪೆಟ್ಟಿಗೆಯಲ್ಲಿ, ಬೆಳಕು ಬೀಳದಂತೆ ಇಡಿ. ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲೋ ಕಾರಿನ ಗಾಜಿನ ಹಿಂದೆಯೋ ಬಿಟ್ಟ ಔಷಧವನ್ನು ನಂಬಬೇಡಿ.

ದಿನ ಗೊತ್ತುಮಾಡುವಾಗ ಜುಲೈ ಕೊನೆಯ ವಾರವನ್ನು ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗಸ್ಟಿನಲ್ಲಿ ಬಂದರಿಗೆ ಜನ, ದುಡ್ಡು ಎರಡೂ ಒಟ್ಟಿಗೆ ಮರಳುತ್ತವೆ. ಎರಡು ತಿಂಗಳು ಓಪಿಯಾಯ್ಡ್ ಬಿಟ್ಟಿದ್ದ ದೇಹಕ್ಕೆ ಹಳೆಯ ಅಳತೆ ತಡೆಯುವ ಶಕ್ತಿ ಇರುವುದಿಲ್ಲ. ಜೈಲಿನಿಂದ, ವ್ಯಸನಮುಕ್ತಿ ಕೇಂದ್ರದಿಂದ ಹೊರಬಂದವರಿಗೆ ಮೊದಲ ಎರಡು ವಾರ ಅತಿ ಅಪಾಯದ್ದಾಗುವುದೂ ಇದೇ ಕಾರಣಕ್ಕೆ. ಮರುತರಬೇತಿಯನ್ನು ಆರು ತಿಂಗಳ ಮೇಲೆ, ಅರ್ಧ ದಿನಕ್ಕೆ ಕೊಡುತ್ತಾರೆ. ಘಟ್ಟದ ಮೇಲಿನವರು ಅದನ್ನು ಶಿರಸಿಯಲ್ಲೇ ಇಡಿಸಿಕೊಳ್ಳಬಹುದು. ಹದಿನೈದು ಜನ ಕೂಡಿದರೆ ತರಬೇತುದಾರರು ಬರುತ್ತಾರೆ.